ಮಂಡಿಯ ಕೆಳಗಿನ ದಿಂಬು: ಕೀಲು ಬದಲಾವಣೆಯ ನಂತರದ ಒಂದು ಪ್ರಕರಣ

ದಿಂಬು ಹೊಸದಾಗಿತ್ತು. ಅತ್ತೆಯ ಆಪರೇಷನ್ ಆದ ಮಂಡಿಗೆಂದೇ ಸೊಸೆ ಬೂರುಗದ ಹತ್ತಿ ತುಂಬಿ, ಮೆತ್ತಗಿರಲಿ ಅಂತ ಹಳೇ ಹತ್ತಿ ಸೀರೆಯ ಗವಸು ಹಾಕಿ ಹೊಲಿದಿದ್ದರು. ಆಪರೇಷನ್ ಆಗಿ 33ನೇ ದಿನ ನಾನು ಆ ಮನೆಗೆ ಹೋದಾಗ ಬಲಗಾಲು ಅದರ ಮೇಲೆ ಅರ್ಧ ಮಡಿಚಿದಂತೆ ಒರಗಿತ್ತು. ದಿಂಬು ತೆಗೆದು ಕಾಲನ್ನು ಮಂಚದ ಮೇಲೆ ನೀಡಲು ಹೇಳಿದೆ. ಕಾಲು ಹಾಗೇ ನಿಂತಿತು. ಮಂಡಿಯ ಹಿಂಭಾಗಕ್ಕೂ ಹಾಸಿಗೆಗೂ ನಡುವೆ ನನ್ನ ಮುಷ್ಟಿ ಸಲೀಸಾಗಿ ತೂರುವಷ್ಟು ಸಂದಿ ಉಳಿಯಿತು.

ನಾನು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ, ಒಂದು ತಾಲ್ಲೂಕು ಕೇಂದ್ರದಲ್ಲಿ ಫಿಸಿಯೋಥೆರಪಿ ಮಾಡುವವಳು. ಈ ಪ್ರಕರಣವನ್ನು ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಅವರನ್ನು ನಾನು ಕರೆಯುತ್ತಿದ್ದಂತೆ ಇಲ್ಲಿಯೂ ಅಮ್ಮ ಎಂದೇ ಕರೆಯುತ್ತೇನೆ.

ಅಮ್ಮನಿಗೆ 63 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಮದುವೆಯಾಗಿ ಬಂದಾಗಿನಿಂದ ಕೊಬ್ಬರಿ ಕೆಲಸ. ನಮ್ಮ ಕಡೆ ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಉಂಡೆಯಾದ ಮೇಲೆ ಇಳಿಸಿ, ಸುಲಿದು, ಕರಟ ಒಡೆದು ತೆಗೆಯುತ್ತಾರೆ. ಇದೆಲ್ಲ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಇಲ್ಲವೇ ಒಂದು ಕಾಲು ಮಡಿಚಿ ಕೂತು ಮಾಡುವ ಕೆಲಸ. ಅದರಿಂದಲೇ ಮಂಡಿ ಸವೆಯಿತು ಎಂದು ನಾನು ಹೇಳಲಾರೆ. ವಯಸ್ಸು, ಮೈತೂಕ, ವಂಶ ಎಲ್ಲವೂ ಸೇರುತ್ತವೆ. ಆದರೆ ಐವತ್ತು ದಾಟುವ ಹೊತ್ತಿಗೆ ಎರಡೂ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ್ದವು, ಬಲ ಮಂಡಿ ರಾತ್ರಿ ನಿದ್ದೆಗೂ ಬಿಡುತ್ತಿರಲಿಲ್ಲ. ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬಲ ಮಂಡಿಯ ಪೂರ್ತಿ ಕೀಲು ಬದಲಾವಣೆ ಆಯಿತು. ಮೂರನೇ ದಿನ ವಾಕರ್ ಹಿಡಿದು ನಡೆದಿದ್ದರು, ಮಂಡಿ 75 ಡಿಗ್ರಿ ಮಡಿಚುತ್ತಿತ್ತು. ಡಿಸ್ಚಾರ್ಜ್ ಕಾಗದದಲ್ಲಿ ಹಾಗೆಂದು ಬರೆದಿದೆ. ಐದನೇ ದಿನ ಮನೆಗೆ ಬಂದರು. ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿಸಿದರು. ಗಾಯ ಚೆನ್ನಾಗಿ ಮಾಗಿತ್ತು.

ಅಲ್ಲಿಂದ ಮುಂದೆ ಹತ್ತೊಂಬತ್ತು ದಿನ ಆ ಮಂಡಿಯನ್ನು ಯಾರೂ ಮಡಿಚಿಸಲಿಲ್ಲ.

33ನೇ ದಿನ ಕಂಡದ್ದು

ಕೀಲಿನ ಚಲನೆ ಅಳೆಯಲು ನಮ್ಮ ಬಳಿ ಗೋನಿಯೋಮೀಟರ್ ಇರುತ್ತದೆ. ಎರಡು ತೋಳಿನ ಪ್ಲಾಸ್ಟಿಕ್ ಪಟ್ಟಿ, ನಡುವೆ ಶಾಲೆಯ ಕೋನಮಾಪಕದ ಥರದ ಚಕ್ರ. ಕಾಲು ಪೂರ್ತಿ ನೇರವಾದರೆ ಸೊನ್ನೆ. ಅಮ್ಮನ ಮಂಡಿ 15 ಡಿಗ್ರಿಗಿಂತ ನೇರವಾಗುತ್ತಿರಲಿಲ್ಲ, 58 ದಾಟಿ ಮಡಿಚುತ್ತಿರಲಿಲ್ಲ. ಆಸ್ಪತ್ರೆಯಲ್ಲಿದ್ದಾಗಿನ 75ಕ್ಕಿಂತ ಹಿಂದೆ ಬಿದ್ದಿತ್ತು. ಆಪರೇಷನ್‌ಗೆ ಮುಂಚೆ ಅದೇ ಮಂಡಿ 105 ಮಡಿಚುತ್ತಿತ್ತು ಎಂಬುದು ನನಗೆ ಮುಖ್ಯವಾಗಿ ಕಂಡಿತು. ಮುಂಚೆ ಎಷ್ಟು ಮಡಿಚುತ್ತಿತ್ತೋ ಆಮೇಲೂ ಹೆಚ್ಚುಕಡಿಮೆ ಅಷ್ಟೇ ಮಡಿಚುವುದು ಸಾಮಾನ್ಯ. ಆ ಲೆಕ್ಕದಲ್ಲಿ ಈ ಕೀಲಿಗೆ ಇನ್ನೂ ನಲವತ್ತೇಳು ಡಿಗ್ರಿ ಬಾಕಿ ಇತ್ತು.

ಬಲತೊಡೆ ಸೊರಗಿತ್ತು. ಮಂಡಿಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ ಟೇಪು ಸುತ್ತಿ ಅಳೆದರೆ ಎಡಕ್ಕಿಂತ ಮೂರು ಸೆಂಟಿಮೀಟರ್ ಕಮ್ಮಿ. ಮಡಿಚಿದರೆ ನೋವು ಹತ್ತಕ್ಕೆ ಏಳು, ಸುಮ್ಮನಿದ್ದರೆ ಮೂರು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ ವಾಕರ್ ಹಿಡಿದು 41 ಸೆಕೆಂಡು ಹಿಡಿಯಿತು. ಗಟ್ಟಿಮುಟ್ಟಾದವರಿಗೆ ಹತ್ತು ಸೆಕೆಂಡು ಸಾಕಾಗುವ ಕೆಲಸ ಅದು.

ಮಂಡಿ ಬಿಗಿದಿದೆ ಎಂದ ತಕ್ಷಣ ವ್ಯಾಯಾಮ ಶುರು ಮಾಡಿಬಿಡಬಾರದು. ಒಳಗೆ ಸೋಂಕು ಕೂತಿದ್ದರೂ ಮಂಡಿ ಹೀಗೇ ಬಿಗಿಯುತ್ತದೆ. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಕಾಲು ಊದಿ ನೋಯುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಮೊದಲು ಜ್ವರ ಕೇಳಿದೆ, ಇರಲಿಲ್ಲ. ಗಾಯ ಒಣಗಿತ್ತು, ಸುತ್ತ ಕೆಂಪಿರಲಿಲ್ಲ. ಎರಡೂ ಮೀನಖಂಡ ಅಳೆದೆ, ಸಮ ಇದ್ದವು. ಆದರೂ ಸರ್ಜನ್‌ಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಹೇಳಿದ ರಕ್ತಪರೀಕ್ಷೆಗಳನ್ನು ತಾಲ್ಲೂಕಿನಲ್ಲೇ ಮಾಡಿಸಿದೆವು. ಸೋಂಕಿನ ಸೂಚನೆ ಇರಲಿಲ್ಲ.

ಡಿಸ್ಚಾರ್ಜ್ ಕಾಗದ ತರಿಸಿ ನೋಡಿದೆ. ಕೊನೆಯಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ: ಸ್ಟ್ಯಾಟಿಕ್ ಕ್ವಾಡ್ಸ್, ಎಸ್‌ಎಲ್‌ಆರ್, ಆರ್‌ಒಎಂ ಎಕ್ಸರ್‌ಸೈಜ್, ಟಿಡಿಎಸ್. ತೊಡೆ ಬಿಗಿ ಹಿಡಿಯುವುದು, ಕಾಲು ನೇರ ಎತ್ತುವುದು, ಮಂಡಿ ಮಡಿಚಿ ಚಾಚುವುದು, ದಿನಕ್ಕೆ ಮೂರು ಸಲ ಎಂದು ಅದರ ಅರ್ಥ. ಮಗ ಅದನ್ನು ಮೆಡಿಕಲ್ ಸ್ಟೋರಿನಲ್ಲಿ ತೋರಿಸಿದ್ದರಂತೆ, ಅಂಗಡಿಯವನು ಮಾತ್ರೆಗಳ ಸಾಲನ್ನಷ್ಟೇ ಓದಿ ಕೊಟ್ಟ. ವಾರ್ಡಿನಲ್ಲಿ ಫಿಸಿಯೋ ಒಬ್ಬರು ಎರಡು ದಿನ ಬಂದು ಮಾಡಿಸಿದ್ದು ಅಮ್ಮನಿಗೆ ನೆನಪಿದೆ. ಅದನ್ನು ಮನೆಯಲ್ಲೂ ಮುಂದುವರಿಸಬೇಕು ಎಂದು ಯಾರೂ ಕೂರಿಸಿ ಹೇಳಲಿಲ್ಲ. ಹೊರಡುವಾಗ ಕೇಳಿಸಿಕೊಂಡ ಒಂದೇ ಮಾತು, "ರೆಸ್ಟ್ ಮಾಡಿ".

ದಿಂಬು ಮಾಡಿದ್ದೇನು

ನಮ್ಮ ಕಡೆ ಈ ಆಪರೇಷನ್‌ಗೆ ಮಂಡಿಚಿಪ್ಪು ಬದಲಾಯಿಸುವುದು ಅನ್ನುತ್ತಾರೆ. ಇಡೀ ಮಂಡಿಯನ್ನೇ ಕತ್ತರಿಸಿ ತೆಗೆಯುತ್ತಾರೆ ಎಂಬ ಹೆದರಿಕೆ ಆ ಮಾತಿನೊಳಗೇ ಇದೆ. ನಿಜದಲ್ಲಿ ತೊಡೆಮೂಳೆಯ ತುದಿ ಮತ್ತು ಕಣಕಾಲು ಮೂಳೆಯ ತಲೆಯಿಂದ ಸವೆದ ಪದರವನ್ನು ಸುಮಾರು ಒಂದು ಸೆಂಟಿಮೀಟರ್‌ನಷ್ಟು ತೆಗೆದು, ಅಲ್ಲಿ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಇಡುತ್ತಾರೆ. ಆ ಹೊಸ ಕೀಲು ಮೊದಲ ದಿನದಿಂದಲೇ ಮಡಿಚಲು ಸಿದ್ಧ. ಬಿಗಿಯುವುದು ಸುತ್ತಲಿನ ಮಾಂಸ, ಪೊರೆ, ಗಾಯದ ಕಲೆ. ಗಾಯ ಮಾಗುವಾಗ ದೇಹ ಒಳಗೆಲ್ಲ ಹೊಸ ನಾರು ನೇಯುತ್ತದೆ. ಮೊದಲ ಆರೇಳು ವಾರ ಆ ನಾರು ಹಸಿಯಾಗಿರುತ್ತದೆ, ಎಳೆದಂತೆ ಬಗ್ಗುತ್ತದೆ. ಮೂರು ತಿಂಗಳ ಹೊತ್ತಿಗೆ ಗಟ್ಟಿಯಾಗುತ್ತದೆ. ಮಂಡಿಯನ್ನು ಯಾವ ಭಂಗಿಯಲ್ಲಿ ಬಿಟ್ಟಿರುತ್ತೇವೋ ಆ ಭಂಗಿಗೆ ತಕ್ಕ ಹಾಗೆ ಗಟ್ಟಿಯಾಗುತ್ತದೆ.

ಊದಿದ ಮಂಡಿಗೆ ಅತಿ ಹಿತವಾದ ಭಂಗಿ 25-30 ಡಿಗ್ರಿ ಮಡಿಚಿದ್ದು. ಆ ಕೋನದಲ್ಲಿ ಕೀಲಿನ ಚೀಲ ಸಡಿಲವಾಗಿ, ಒಳಗಿನ ನೀರಿಗೆ ಜಾಗ ಸಿಗುತ್ತದೆ. ಬೂರುಗದ ದಿಂಬು ಮಂಡಿಯನ್ನು ಹಗಲೂ ರಾತ್ರಿ ಸರಿಯಾಗಿ ಆ ಕೋನದಲ್ಲೇ ಹಿಡಿದಿತ್ತು. ಅಮ್ಮನಿಗೆ ಹಾಯ್ ಎನಿಸುತ್ತಿತ್ತು, ಮಂಡಿಯ ಹಿಂದಿನ ಪೊರೆ ದಿನೇ ದಿನೇ ಕುಗ್ಗುತ್ತಿತ್ತು.

ಮಡಿಚುವುದಕ್ಕಿಂತ ಈ 15 ಡಿಗ್ರಿ ನನ್ನನ್ನು ಹೆಚ್ಚು ಕಾಡಿತು. ಮನೆಯವರು ಯಾವಾಗಲೂ "ಎಷ್ಟು ಮಡಿಚುತ್ತೆ" ಎಂದೇ ಕೇಳುತ್ತಾರೆ, ಎಷ್ಟು ನೇರವಾಗುತ್ತೆ ಎಂದು ಕೇಳುವವರು ಅಪರೂಪ. ನೇರವಾಗದ ಕಾಲು ಮೋಟಾಗುತ್ತದೆ, ಕುಂಟು ಬರುತ್ತದೆ. ನೇರ ನಿಂತಾಗ ಮಂಡಿ ತನ್ನಷ್ಟಕ್ಕೆ ಬೀಗ ಹಾಕಿಕೊಂಡು ತೊಡೆಗೆ ವಿರಾಮ ಕೊಡಬೇಕು. ಬಾಗಿದ ಮಂಡಿಯಲ್ಲಿ ತೊಡೆಯ ಸ್ನಾಯು ಪ್ರತಿ ಕ್ಷಣವೂ ದುಡಿಯುತ್ತಿರಬೇಕಾಗುತ್ತದೆ. ಅದೂ ಆಪರೇಷನ್ ಆದ ಮೊದಲ ತಿಂಗಳಲ್ಲಿ ಆ ಸ್ನಾಯುವಿನ ಬಲ ಅರ್ಧಕ್ಕಿಂತ ಕೆಳಗಿಳಿದಿರುವಾಗ. ಮಂಡಿ ಊದಿದ್ದರೆ ನರಗಳೇ ತೊಡೆಗೆ ಕೆಲಸ ಮಾಡಬೇಡ ಎಂದು ತಡೆ ಹಾಕುತ್ತವೆ. ಇದು ಸೋಮಾರಿತನ ಅಲ್ಲ, ಮನಸ್ಸು ಮಾಡಿದರೂ ಸ್ನಾಯು ಎದ್ದೇಳುವುದಿಲ್ಲ. "ಕಾಲು ನಂದಲ್ಲ ಅನ್ಸುತ್ತೆ ಕಣಮ್ಮ, ಎತ್ತು ಅಂದ್ರೆ ಕೇಳ್ಸೋದೇ ಇಲ್ಲ ಅದಕ್ಕೆ" ಎಂದು ಅಮ್ಮ ಹೇಳಿದ್ದು ಅಕ್ಷರಶಃ ಸರಿ.

ಬಾಣಂತನದ ಮಂಚ

ನಡುಮನೆಯಲ್ಲಿ ಮಂಚ ಹಾಕಿದ್ದರು. ಕಿಟಕಿಗೆ ಪರದೆ, ಅಮ್ಮನ ತಲೆಗೆ ಉಲ್ಲನ್ ಸ್ಕಾರ್ಫು, ಕಿವಿಗೆ ಹತ್ತಿ. ಊಟ ಮಂಚಕ್ಕೇ ಬರುತ್ತಿತ್ತು: ಮೆಣಸಿನ ಸಾರು, ಬೆಳ್ಳುಳ್ಳಿ, ಮೆತ್ತಗಿನ ಅನ್ನ. ಬದನೆಕಾಯಿ ನಂಜು, ಬೇಳೆ ವಾಯು, ಮೊಸರು ಶೀತ, ಮೊಟ್ಟೆ ಉಷ್ಣ ಅಂತ ಎಲ್ಲವೂ ಬಂದ್. ನೀರು ಕೂಡ ಅಳತೆಯಲ್ಲಿ. ನೋವಿನ ಮಾತ್ರೆ ಹತ್ತನೇ ದಿನಕ್ಕೆ ನಿಲ್ಲಿಸಿದ್ದರು, ಕಿಡ್ನಿಗೆ ಏಟು ಬೀಳುತ್ತದೆ ಎಂದು ಯಾರೋ ಹೇಳಿದ್ದಕ್ಕೆ. ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ.

ಇದನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ಸೊಸೆಯೊಡನೆ ಮಾತಾಡುತ್ತಾ ಕೂತಾಗ ಗೊತ್ತಾಯಿತು. ಎರಡು ವರ್ಷದ ಹಿಂದೆ ಇದೇ ಮಂಚದ ಮೇಲೆ ಅವರ ಬಾಣಂತನ ಆಗಿತ್ತು. ಅವರಿಗೆ ತಾಯಿ ಇಲ್ಲ, ತವರಿನಲ್ಲಿ ಮಾಡುವವರಿರಲಿಲ್ಲ. ಅತ್ತೆಯೇ ತನ್ನ ಮಂಡಿನೋವು ಕಚ್ಚಿಕೊಂಡು ಮೂರು ತಿಂಗಳು ನೀರು ಹಾಕಿದ್ದರು. "ಒಂದು ಚೊಂಬು ನೀರೂ ಎತ್ತಕ್ಕೆ ಬಿಟ್ಟಿರಲಿಲ್ಲ ಮೇಡಂ ನನ್ನ. ಈಗ ನಾನು ಅವ್ರನ್ನ ಎದ್ದು ಓಡಾಡಿ ಅಂತ ಅನ್ನಕ್ಕಾಗುತ್ತಾ?" ಎಂದರು. ಅವರ ಕಣ್ಣು ತುಂಬಿತ್ತು.

ಈ ಪ್ರಕರಣದಲ್ಲಿ ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದನ್ನೇ. ಆ ಮನೆಯಲ್ಲಿ ಯಾರೂ ಉದಾಸೀನ ಮಾಡಿರಲಿಲ್ಲ. ಅವರಿಗೆ ಗೊತ್ತಿದ್ದ ಆರೈಕೆಯ ಒಂದೇ ಮಾದರಿ ಬಾಣಂತನ. ಕೊಯ್ದ ಮೈಗೆ ವಿಶ್ರಾಂತಿ, ಬೆಚ್ಚಗೆ, ಪಥ್ಯ, ಕೆಲಸ ಮುಟ್ಟಿಸದಿರುವುದು. ಪ್ರೀತಿ, ಋಣ ಎರಡನ್ನೂ ತೀರಿಸುವ ದಾರಿ ಅದು. ಮಂಡಿ ಆಪರೇಷನ್ ಕೇಳುವ ಆರೈಕೆ ಇದಕ್ಕೆ ಪೂರ್ತಿ ತಿರುಗಾಮುರುಗಾ. ಅಲ್ಲಿ ನೋಯಿಸಬೇಕು, ಎಬ್ಬಿಸಬೇಕು, ತಣ್ಣಗೆ ಮಾಡಬೇಕು, ಬೇಳೆ ಮೊಟ್ಟೆ ತಿನ್ನಿಸಬೇಕು. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದು ಇಂಗ್ಲಿಷ್ ಸಾಲಿನಲ್ಲಿ ಬರೆದು ಕಳಿಸಿದರೆ ಸೊಸೆಯೊಬ್ಬಳು ಏನು ಮಾಡಬೇಕು? ನನ್ನ ವೃತ್ತಿಯವರು, ಸರ್ಜನ್‌ಗಳು, ವಾರ್ಡಿನ ನರ್ಸ್‌ಗಳು ಎಲ್ಲರೂ ಈ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು ನಾನು ನಂಬುತ್ತೇನೆ.

ನಾನು ಮಾಡಿದ ತಪ್ಪು

ಕಾರಣ ಇಷ್ಟು ಸ್ಪಷ್ಟವಾಗಿ ಕಂಡ ಮೇಲೂ ನಾನು ಆತುರಪಟ್ಟೆ. ದಿನಗಳು ಓಡುತ್ತಿವೆ, ನಾರು ಗಟ್ಟಿಯಾಗುತ್ತಿದೆ ಎಂಬ ಗಾಬರಿ ನನ್ನದು. ಎರಡನೇ ಭೇಟಿಯಲ್ಲಿ ಮಂಚದ ಅಂಚಿಗೆ ಕೂರಿಸಿ, ಕಣಕಾಲು ಹಿಡಿದು ಹಿಂದಕ್ಕೆ ಒತ್ತಿದೆ. ಅಮ್ಮ ಕಿರುಚಿದರು. ಮೊಮ್ಮಗ ಬಾಗಿಲ ಬಳಿ ನಿಂತು ಅಳತೊಡಗಿತು. ನಾನು ಇನ್ನೂ ಸ್ವಲ್ಪ ಒತ್ತಿದೆ, ಒತ್ತಬಾರದಿತ್ತು. ಅಮ್ಮ ನನ್ನ ಮಣಿಕಟ್ಟು ಹಿಡಿದು, "ಬೇಡ ಕಣಮ್ಮ, ಬಿಟ್ಬಿಡು, ನಾನು ಹಿಂಗೇ ಇರ್ತೀನಿ" ಎಂದರು.

ಮಾರನೇ ಸಲ ಹೋದಾಗ "ಮಲಗವ್ರೆ" ಎಂದು ಬಾಗಿಲಲ್ಲೇ ಹೇಳಿದರು. ನಾಲ್ಕು ದಿನ ಹಾಗೇ ಹೋಯಿತು. ನೋವಿನ ಮಾತ್ರೆ ಇಲ್ಲದೆ, ನಂಬಿಕೆ ಇಲ್ಲದೆ, ಹೆದರಿದ ಮಂಡಿಯನ್ನು ಒತ್ತಿದರೆ ಸ್ನಾಯುಗಳು ಇನ್ನಷ್ಟು ಬಿಗಿ ಹಿಡಿಯುತ್ತವೆ, ಒಳಗೆ ಊತ ಹೆಚ್ಚುತ್ತದೆ. ಓದಿನ ದಿನಗಳಿಂದ ನನಗೆ ಗೊತ್ತಿದ್ದ ಸಂಗತಿಯೇ ಇದು. ಗೊತ್ತಿದ್ದೂ ಮಾಡಿದೆ. ಅಮ್ಮನ ಬಳಿ ಕ್ಷಮೆ ಕೇಳಿದೆ. ಇನ್ನು ಮೇಲೆ ನಿಮ್ಮ ಕಾಲನ್ನು ನೀವೇ ಮಡಿಚುತ್ತೀರಿ, ನೀವು ಹೇಳದೆ ನಾನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ.

ಸರ್ಜನ್ ಹತ್ತಿರ ಮತ್ತೆ ಮಾತಾಡಿ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ ಸರಿ ಇದೆ ಎಂದು ಖಚಿತಪಡಿಸಿಕೊಂಡು, ನೋವಿನ ಮಾತ್ರೆ ಮತ್ತೆ ಶುರು ಮಾಡಿಸಿದೆವು. ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮುಂಚೆ ಮಾತ್ರೆ. ದಿಂಬನ್ನು ಸೊಸೆ ತಾವೇ ಎತ್ತಿ ಅಟ್ಟಕ್ಕೆ ಹಾಕಿದರು. ಅದರ ಬದಲು ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಟ್ಟೆವು, ಮಂಡಿಯ ಕೆಳಗೆ ಏನೂ ಇಲ್ಲ. ಕಾಲಿನ ಭಾರಕ್ಕೇ ಮಂಡಿ ನಿಧಾನವಾಗಿ ಕೆಳಗಿಳಿಯುತ್ತದೆ. ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ.

ಕಾಯಿ ಅಲ್ಲಾಡಿಸಿದ ಬೆಳಿಗ್ಗೆ

42ನೇ ದಿನ ನಾನು ಹೋದಾಗ ಮಂಚ ಖಾಲಿ ಇತ್ತು. ಅಟ್ಟದಿಂದ ಕಾಯಿ ಇಳಿಸುವ ದಿನ ಅದು. ಅಮ್ಮ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಮುಂದೆ ಕಾಯಿಯ ರಾಶಿ. ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಒಳಗೆ ಉಂಡೆ ಗಟಗಟ ಬಡಿದರೆ ಬಲಕ್ಕೆ, ನೀರು ಕುಲುಕಿದರೆ ಎಡಕ್ಕೆ. ಒಂದು ಕಾಯಿಗೆ ಎರಡು ಸೆಕೆಂಡು ಬೇಕಾಗುತ್ತಿರಲಿಲ್ಲ. ಸೊಸೆಗೆ, ಆಳುಗಳಿಗೆ ಆ ಕಿವಿ ಇಲ್ಲ, ಅದಕ್ಕೇ ಅಮ್ಮನನ್ನು ಕರೆಯಲೇಬೇಕಾಯಿತು.

ನಾನು ಮಾತಾಡಿಸಲಿಲ್ಲ. ಗೋಡೆಗೆ ಒರಗಿ ಅವರ ಬಲ ಪಾದವನ್ನೇ ನೋಡುತ್ತಾ ನಿಂತೆ. ರಾಶಿಯ ಕಾಯಿಗೆ ಬಗ್ಗಿದಾಗಲೆಲ್ಲ ಆ ಪಾದ ಕುರ್ಚಿಯ ಕೆಳಕ್ಕೆ ತಾನಾಗಿಯೇ ಜಾರುತ್ತಿತ್ತು. ಕಾಯಿ ಎತ್ತಿ ಕಿವಿಗೆ ಹಿಡಿದಾಗ ಮುಂದಕ್ಕೆ ಬರುತ್ತಿತ್ತು. ಮತ್ತೆ ಬಗ್ಗಿದಾಗ ಹಿಂದಕ್ಕೆ. ಮೆಲ್ಲಗೆ ಹೋಗಿ, "ಅಮ್ಮ, ಹಂಗೇ ಇರಿ" ಎಂದು ಗೋನಿಯೋಮೀಟರ್ ಹಿಡಿದೆ. 74. ಅಂದು ಬೆಳಿಗ್ಗೆ ಮಂಚದ ಮೇಲೆ ಸೊಸೆ ಮಾಡಿಸಿದಾಗಲೂ, ಹಿಂದಿನ ದಿನ ನಾನು ಅಳೆದಾಗಲೂ 60 ದಾಟಿರಲಿಲ್ಲ.

ಸಂಖ್ಯೆ ಹೇಳಿದೆ. "ಅಯ್ಯೋ, ನಾನೇನೂ ಮಾಡ್ಲೇ ಇಲ್ವಲ್ಲ" ಎಂದರು.

ಹದಿನಾಲ್ಕು ಡಿಗ್ರಿಯಷ್ಟು ಬಿಗಿತ ನಾರಿನದ್ದಲ್ಲ, ಹೆದರಿಕೆಯದ್ದು ಎಂದು ಅಲ್ಲಿ ನನಗೆ ಖಾತ್ರಿಯಾಯಿತು. ನಾನು ಬರುತ್ತೇನೆ ಎಂದರೆ ತೊಡೆ ಕಲ್ಲಾಗುತ್ತಿತ್ತು. ಕಾಯಿಯ ಸದ್ದಿಗೆ ಕಿವಿ ಕೊಟ್ಟಾಗ ಅದೇ ತೊಡೆ ಸಡಿಲಾಗುತ್ತಿತ್ತು.

ಆವತ್ತಿನಿಂದ ವ್ಯಾಯಾಮವನ್ನು ಜಗಲಿಗೆ ತಂದೆವು. ಕುರ್ಚಿಯ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಎತ್ತರ ಮಾಡಿದೆ, ಏಳುವುದು ಸುಲಭವಾಗಲಿ ಅಂತ. ಕಾಯಿ ಬುಟ್ಟಿ ಕಾಲಿನ ಮುಂದೆ, ಚೀಲ ಪಕ್ಕದ ಸ್ಟೂಲಿನ ಮೇಲೆ. ಬಗ್ಗಿ ಕಾಯಿ ಎತ್ತಬೇಕು, ಕೇಳಬೇಕು, ಎದ್ದು ನಿಂತು ಮಂಡಿ ಪೂರ್ತಿ ನೇರ ಮಾಡಿ ಚೀಲಕ್ಕೆ ಹಾಕಬೇಕು, ನಿಧಾನವಾಗಿ ಕೂರಬೇಕು. ಹತ್ತು ಕಾಯಿ ಆದ ಮೇಲೆ ವಿರಾಮ. ನಾಲ್ಕೈದು ದಿನಕ್ಕೊಮ್ಮೆ ಕಂಬಳಿಯ ಒಂದು ಮಡಿಕೆ ತೆಗೆಯುವುದು. ಆಸನ ತಗ್ಗಿದಷ್ಟೂ ಮಂಡಿ ಹೆಚ್ಚು ಮಡಿಚಬೇಕು, ತೊಡೆ ಹೆಚ್ಚು ದುಡಿಯಬೇಕು. ಆಸ್ಪತ್ರೆಗಳಲ್ಲಿ ಮಂಡಿಯನ್ನು ತಾನಾಗಿ ಮಡಿಚಿಸುವ ಯಂತ್ರ ಇರುತ್ತದೆ, ಅದು ಬೇಕಾ ಎಂದು ಮಗ ಕೇಳಿದರು. ಆ ಯಂತ್ರದಿಂದ ದೀರ್ಘಕಾಲಕ್ಕೆ ಹೇಳಿಕೊಳ್ಳುವಂಥ ಲಾಭ ಕಂಡುಬಂದಿಲ್ಲ, ಬಾಡಿಗೆ ಹಣ ಉಳಿಸಿ ಎಂದೆ.

ಸೀಮೆಸುಣ್ಣದ ಉಪಾಯ ಸೊಸೆಯದು. ಜಗಲಿಗೆ ರೆಡ್ ಆಕ್ಸೈಡ್ ನೆಲ. ಕುರ್ಚಿಯ ನಾಲ್ಕು ಕಾಲಿನ ಜಾಗ ಗುರುತು ಮಾಡಿ, ಅಮ್ಮ ಪಾದವನ್ನು ಎಷ್ಟು ಹಿಂದಕ್ಕೆ ಜಾರಿಸುತ್ತಾರೋ ಅಲ್ಲಿ ಹಿಮ್ಮಡಿಯ ಹಿಂದೆ ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದರು. ಮಾರನೇ ದಿನ ಆ ಗೆರೆ ಮುಟ್ಟಬೇಕು, ಸಾಧ್ಯವಾದರೆ ದಾಟಬೇಕು. ಗೋನಿಯೋಮೀಟರ್‌ನ ಸಂಖ್ಯೆ ನನಗೆ ಬೇಕಾಗಿತ್ತು. ಅಮ್ಮನಿಗೆ ಅರ್ಥವಾಗುತ್ತಿದ್ದದ್ದು ಗೆರೆ. ನೆಲ ಒರೆಸುವಾಗ ಆ ಜಾಗ ಬಿಟ್ಟು ಒರೆಸುತ್ತಿದ್ದರು.

ಐಸ್ ಇಡುವುದಕ್ಕೆ ಮಾತ್ರ ತುಂಬಾ ವಾದ ಆಯಿತು. ಶೀತ ಆಗುತ್ತದೆ ಎಂಬ ಭಯ. ಕೊನೆಗೆ ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ, ಮಧ್ಯಾಹ್ನ ಬಿಸಿಲಿರುವಾಗ ಮಾತ್ರ ಎಂದು ಒಪ್ಪಂದವಾಯಿತು. ಮಂಡಿಗೆ ಐಸು, ಕಿವಿಗೆ ಹತ್ತಿ. ನಾನು ಆ ಹತ್ತಿಯ ತಂಟೆಗೆ ಹೋಗಲಿಲ್ಲ. ಬೇಳೆ, ಮೊಳಕೆಕಾಳು, ದಿನಕ್ಕೊಂದು ಮೊಟ್ಟೆ ಊಟಕ್ಕೆ ವಾಪಸ್ ಬಂದವು. ಸೊರಗಿದ ತೊಡೆ ಬರೀ ಮೆಣಸಿನ ಸಾರಿನಲ್ಲಿ ತುಂಬಿಕೊಳ್ಳುವುದಿಲ್ಲ.

ಗಡುವು ಮತ್ತು ಒಂದು ಹಿನ್ನಡೆ

ಆರು ವಾರದ ತಪಾಸಣೆಗೆ ಬೆಂಗಳೂರಿಗೆ ಹೋದರು. ಎಕ್ಸ್‌ರೇಯಲ್ಲಿ ಕೀಲು ಸರಿಯಾಗಿ ಕೂತಿತ್ತು. ಹತ್ತನೇ ವಾರದೊಳಗೆ 90 ಡಿಗ್ರಿ ಬರದಿದ್ದರೆ ಅರಿವಳಿಕೆ ಕೊಟ್ಟು ಮಂಡಿ ಮಡಿಚಿ ಬಿಡಿಸೋಣ ಎಂದರು ಸರ್ಜನ್. ಇದು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಮಾಡುವ ಕ್ರಮ, ತಡವಾದಷ್ಟೂ ಫಲ ಕಮ್ಮಿ. ಅದರಲ್ಲಿ ತಪ್ಪೇನೂ ಇಲ್ಲ, ಕೆಲವರಿಗೆ ಬೇಕೇ ಬೇಕಾಗುತ್ತದೆ. ಅಮ್ಮನಿಗೆ ಮಾತ್ರ ಮತ್ತೆ ಆಪರೇಷನ್ ಥಿಯೇಟರ್ ಎಂಬ ಮಾತೇ ಎದೆ ನಡುಗಿಸಿತು.

90 ಯಾಕೆ ಎಂದು ಕೇಳಿದರು. ನೆಲದ ಮೇಲೆ ನಡೆಯುವಾಗ ಕಾಲು ಎತ್ತಿ ಮುಂದಿಡಲು ಸುಮಾರು 65 ಡಿಗ್ರಿ ಬೇಕು. ಮೆಟ್ಟಿಲು ಹತ್ತಲು 85ರ ಹತ್ತಿರ. ಕೈಯೂರದೆ ಕುರ್ಚಿಯಿಂದ ಏಳಲು 90ಕ್ಕೂ ಮೇಲೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಲು, ಕುಕ್ಕರಗಾಲಲ್ಲಿ ಕೂರಲು 120 ದಾಟಬೇಕು. ಕೊನೆಯದು ನಿಮಗೆ ಬರುವುದು ಕಷ್ಟ ಎಂದು ಆವತ್ತೇ ಹೇಳಿಬಿಟ್ಟೆ. ಅಮ್ಮ ಸುಮ್ಮನಾದರು.

ಎಂಟನೇ ವಾರಕ್ಕೆ 8ರಿಂದ 86, ಅಂದರೆ ನೇರವಾಗುವುದು 8ರವರೆಗೆ, ಮಡಿಚುವುದು 86ರವರೆಗೆ. ವಾಕರ್ ಬಿಟ್ಟು ಊರುಗೋಲು ಹಿಡಿದರು. ಆ ಹುಮ್ಮಸ್ಸಿನಲ್ಲಿ 61ನೇ ದಿನ ಕುರ್ಚಿ ಬಿಟ್ಟು ತಗ್ಗಿನ ಮಣೆಯ ಮೇಲೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಾಯಿ ಆರಿಸಿದ್ದಾರೆ. ಸಂಜೆಗೆ ಮಂಡಿ ಊದಿ ಬಿಸಿಯಾಯಿತು. ಮಾರನೇ ದಿನ ಅಳೆದರೆ 76. ಜಗಲಿಯ ಗೆರೆಗಳಲ್ಲಿ ಹತ್ತು ದಿನ ಹಿಂದಿನ ಗೆರೆಗೆ ಹಿಮ್ಮಡಿ ನಿಂತಿತು. ಅಮ್ಮ ಅದನ್ನೇ ನೋಡುತ್ತಾ, "ಎಲ್ಲಾ ಹೋಯ್ತು" ಎಂದು ಕೂತುಬಿಟ್ಟರು. ಜ್ವರ ನೋಡಿದೆ, ಗಾಯ ನೋಡಿದೆ, ಸರ್ಜನ್‌ಗೆ ಫೋಟೋ ಕಳಿಸಿದೆ. ಎರಡು ದಿನ ಕಾಲು ಎತ್ತರಕ್ಕಿಟ್ಟು ಐಸು, ಪಾದ ಮೇಲೆ ಕೆಳಗೆ ಆಡಿಸುವುದು, ಹಿಮ್ಮಡಿಯ ಕೆಳಗಿನ ಟವೆಲು, ಇಷ್ಟೇ. ಊತ ಇಳಿದ ಮೇಲೆ ನಾಲ್ಕು ದಿನದಲ್ಲಿ ಹಳೆಯ ಗೆರೆ ಮತ್ತೆ ಮುಟ್ಟಿದರು. ಊತದಿಂದ ಕಳೆದುಹೋದ ಡಿಗ್ರಿ ಹೀಗೆ ವಾಪಸ್ ಬರುತ್ತದೆ. ದಿಂಬಿನ ಮೇಲೆ ಕಳೆದದ್ದು ಅಷ್ಟು ಬೇಗ ಬರುವುದಿಲ್ಲ. ವ್ಯಾಯಾಮ ಹೆಚ್ಚಾಯಿತೇ ಎಂದು ತಿಳಿಯಲು ಅವರಿಗೆ ಒಂದು ಗುರುತು ಹೇಳಿಕೊಟ್ಟೆ: ನೋವು, ಊತ ಮಾರನೇ ಬೆಳಿಗ್ಗೆಯೂ ಹಾಗೇ ಇದ್ದರೆ ಹಿಂದಿನ ದಿನ ಹೆಚ್ಚಾಗಿದೆ.

70ನೇ ದಿನ, ಹತ್ತನೇ ವಾರ ಮುಗಿಯುವ ದಿನ, 5ರಿಂದ 93. ಸೊಸೆ ಸರ್ಜನ್‌ಗೆ ವಿಡಿಯೋ ಕಳಿಸಿದರು. ಅರಿವಳಿಕೆಯ ಮಾತು ಅಲ್ಲಿಗೆ ನಿಂತಿತು.

ಆರು ತಿಂಗಳಿಗೆ

ಮೂರು ತಿಂಗಳಿಗೆ 3ರಿಂದ 101, ಆರು ತಿಂಗಳಿಗೆ ಸೊನ್ನೆಯಿಂದ 108. ತೊಡೆಯ ಅಳತೆಯಲ್ಲಿ ವ್ಯತ್ಯಾಸ ಒಂದೂವರೆ ಸೆಂಟಿಮೀಟರ್‌ಗೆ ಇಳಿದಿದೆ. ಕುರ್ಚಿಯಿಂದ ಎದ್ದು ನಡೆದು ಬಂದು ಕೂರಲು ಕೋಲಿಲ್ಲದೆ 12 ಸೆಕೆಂಡು. ಮನೆಯ ಮುಂದಿನ ನಾಲ್ಕು ಮೆಟ್ಟಿಲನ್ನು ಮೊದಲು "ಹತ್ತುವಾಗ ಒಳ್ಳೇ ಕಾಲು, ಇಳಿಯುವಾಗ ನೋವಿನ ಕಾಲು" ಎಂದು ಒಂದೊಂದಾಗಿ ಹತ್ತಿಳಿಯುತ್ತಿದ್ದರು. ಈಗ ಕಂಬಿ ಹಿಡಿದು ಒಂದಾದ ಮೇಲೊಂದು ಹತ್ತುತ್ತಾರೆ. ಇಳಿಯುವುದು ಇನ್ನೂ ನಿಧಾನ. ಕಲೆಯ ಹೊರಮಗ್ಗುಲಲ್ಲಿ ಅಂಗೈಯಗಲ ಚರ್ಮ ಜೋಮು ಹಿಡಿದಂತಿದೆ. ಕೊಯ್ದಾಗ ಅಲ್ಲಿನ ಸಣ್ಣ ನರ ತುಂಡಾಗುವುದರಿಂದ ಹೀಗೆ ಆಗುತ್ತದೆ, ತೊಂದರೆ ಇಲ್ಲ.

ಸಿಗದೇ ಹೋದದ್ದೂ ಇದೆ. ತಮ್ಮನ ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ಕೂರಲಾಗಲಿಲ್ಲ. ಟೇಬಲ್ಲಿನಲ್ಲಿ ಬಡಿಸಿದರು, ಅಮ್ಮ ಅರ್ಧ ಊಟ ಬಿಟ್ಟು ಎದ್ದರಂತೆ. ಕೀಲು ಬದಲಾವಣೆ ನೋವು ತೆಗೆಯುತ್ತದೆ, ಹಳೆಯ ಮಂಡಿಯನ್ನು ವಾಪಸ್ ಕೊಡುವುದಿಲ್ಲ. ನೆಲದ ಬದುಕು ಬಾಳಿದವರಿಗೆ ಇದನ್ನು ಆಪರೇಷನ್‌ಗೆ ಮುಂಚೆಯೇ ಹೇಳಬೇಕು.

ಒಂದೇ ಪ್ರಕರಣದಿಂದ ದೊಡ್ಡ ತೀರ್ಮಾನ ಮಾಡುವ ಹಾಗಿಲ್ಲ. ನೋವಿನ ಮಾತ್ರೆ ಮತ್ತೆ ಶುರುವಾದದ್ದು, ದಿಂಬು ಹೋದದ್ದು, ಊಟ ಬದಲಾದದ್ದು, ಕಾಯಿ ಕೆಲಸ, ಸುಮ್ಮನೆ ಕಳೆದ ಕಾಲ, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾರೆ. ಎಲ್ಲವನ್ನೂ ಸರಿಯಾಗಿ ಮಾಡಿಯೂ ಮಂಡಿ ಬಿಗಿದುಕೊಳ್ಳುವವರು ಇದ್ದಾರೆ. ಅವರನ್ನು ಸೋಮಾರಿಗಳು ಎನ್ನುವುದು ಅನ್ಯಾಯ.

ಆದರೆ ಒಂದು ಲೆಕ್ಕ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಕೀಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿ ಎಂದು ನಿಗದಿಯಾಯಿತು. ಅದು ಒಳ್ಳೆಯ ಕೆಲಸ. ಲೋಹಕ್ಕೆ ಬೆಲೆ ಕಟ್ಟಿದ ಹಾಗೆ ಆಮೇಲಿನ ಆರು ವಾರಕ್ಕೂ ಒಂದು ಲೆಕ್ಕ ಬೇಕು. ಡಿಸ್ಚಾರ್ಜ್ ದಿನ ಕನ್ನಡದಲ್ಲಿ ಒಂದು ಹಾಳೆ, ಆರೈಕೆ ಮಾಡುವವರನ್ನು ಕೂರಿಸಿಕೊಂಡು ಅರ್ಧ ಗಂಟೆ, ಊರಿಗೆ ಹತ್ತಿರದ ಫಿಸಿಯೋ ಯಾರು ಎಂಬ ವಿಳಾಸ. ಅಮ್ಮನ ಮನೆ ನನ್ನ ಕ್ಲಿನಿಕ್ಕಿನಿಂದ ಹನ್ನೊಂದು ಕಿಲೋಮೀಟರ್. ಅವರು ನನ್ನನ್ನು ಹುಡುಕಿಕೊಂಡದ್ದು, ಸಂತೆಯಲ್ಲಿ ಸೊಸೆಗೆ ಸಿಕ್ಕ ಇನ್ನೊಬ್ಬ ರೋಗಿಯ ಮಗಳು ಹೇಳಿದ್ದರಿಂದ.

ಎಡ ಮಂಡಿಯೂ ಹೋಗಿದೆ. ಅದಕ್ಕೂ ಆಪರೇಷನ್ ಮಾಡಿಸುವುದೇ, ಬೇಡವೇ ಎಂದು ಅಮ್ಮ ಇನ್ನೂ ತೀರ್ಮಾನಿಸಿಲ್ಲ. ಹೋದ ವಾರ ಆ ಕಡೆ ಹೋಗಿದ್ದಾಗ ಜಗಲಿಯ ಮೇಲೆ ಕುರ್ಚಿಯ ಎಡಗಡೆ ಹೊಸ ಗೆರೆಗಳು ಕಂಡವು. ತೊಡೆಗೆ ಮೊದಲೇ ಬಲ ಬರಲಿ ಅಂತ ಸೊಸೆ ಆ ಕಾಲಿಗೂ ಶುರು ಮಾಡಿಸಿದ್ದಾರೆ. ಪ್ರತಿ ಗೆರೆಯ ಪಕ್ಕ ತಾರೀಖಿದೆ.